ಹೆಸರಿಲ್ಲದ ಪುಡಿಯಿಂದ ಮೊಣಕಾಲು ನೋವು ಹೋದರೆ ಖುಷಿಪಡಬೇಡಿ

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೊಣಕಾಲು ನೋವಿಗೆ ಅಂತ ಯಾರಾದರೂ ಹೆಸರು, ಚೀಟಿ ಏನೂ ಇಲ್ಲದ ಪುಡಿ ಕೊಟ್ಟರೆ ಶುರು ಮಾಡಬೇಡಿ. ಈಗಾಗಲೇ ವಾರಗಟ್ಟಲೆ, ತಿಂಗಳುಗಟ್ಟಲೆ ತಿನ್ನುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿ ಗಾಬರಿಯಾಗಿ ಇವತ್ತೇ ಬಿಟ್ಟುಬಿಡಲೂಬೇಡಿ. ಉಳಿದ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ನಾಳೆಯೇ ಒಬ್ಬ ಒಳ್ಳೆ ಫಿಜಿಷಿಯನ್ ಹತ್ತಿರ ಹೋಗಿ. ನಾನು ತಿಂದದ್ದೂ ತಪ್ಪು, ಯಾರನ್ನೂ ಕೇಳದೆ ಏಕಾಏಕಿ ಬಿಟ್ಟದ್ದೂ ತಪ್ಪು. ಎರಡನೆಯದರಿಂದ ಜೀವಕ್ಕೇ ಬಂದಿತ್ತು.

ನಾನು ಬಳ್ಳಾರಿಯವನು. ವಯಸ್ಸು 43. ಕೌಲ್ ಬಜಾರ್ ಕಡೆ ಸಣ್ಣದೊಂದು ಜೀನ್ಸ್ ಹೊಲಿಯುವ ಯೂನಿಟ್ ಇದೆ. ಹನ್ನೊಂದು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ. ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ಐದಕ್ಕೆ ಎದ್ದು ಸಂಗನಕಲ್ಲು ದಾಟಿ ಮೋಕಾ ಕಡೆ, ಭಾನುವಾರ ತೋರಣಗಲ್ಲು ಮೇಲೆ ಸಂಡೂರು. ಅದಿರು ಲಾರಿಗಳ ಧೂಳು ಕುಡಿದುಕೊಂಡೇ ಕುಮಾರಸ್ವಾಮಿ ಬೆಟ್ಟ ಹತ್ತುವುದು, ಅಲ್ಲಿ ಮಳೆಗಾಲದ ಹಸಿರು ನೋಡಿದವರಿಗೆ ಯಾಕೆ ಹತ್ತುತ್ತೇವೆ ಅಂತ ಹೇಳಬೇಕಾಗಿಲ್ಲ. ಇದರ ಜೊತೆ ಇನ್ನೊಂದು ಹುಚ್ಚು ಇದೆ. ನಾಲ್ಕು ವರ್ಷದ ಹಿಂದೆ ಉತ್ತರಾಖಂಡದ ಔಲಿಯಲ್ಲಿ ಏಳು ದಿನದ ಸ್ಕೀಯಿಂಗ್ ಕೋರ್ಸ್ ಮಾಡಿದೆ. ಅಲ್ಲಿಂದ ಪ್ರತಿ ಚಳಿಗಾಲ ಹಿಮಕ್ಕೆ ಹೋಗದೆ ಇರಲು ಆಗುತ್ತಿರಲಿಲ್ಲ. ವರ್ಷವಿಡೀ ಸೈಕಲ್ ತುಳಿದು ತೊಡೆ ಗಟ್ಟಿ ಮಾಡಿಕೊಳ್ಳುವುದು, ಜನವರಿಯಲ್ಲಿ ಸ್ಕೀ ಮಾಡುವುದು, ಇದೇ ನನ್ನ ಲೆಕ್ಕವಾಗಿತ್ತು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಬಲ ಮೊಣಕಾಲಿನ ಚಿಪ್ಪಿನ ಹಿಂದೆ ನೋವು ಶುರುವಾಯಿತು. ಮೆಟ್ಟಿಲು ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಯೂನಿಟ್‌ನಲ್ಲಿ ಒಂದು ಗಂಟೆ ಕೂತು ಎದ್ದರೆ ಕಾಲು ಚಾಚಲು ಆಗುತ್ತಿರಲಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಸೈಕಲ್ ಹತ್ತುತ್ತಿದ್ದೆ. ನಮ್ಮೂರಿನ ಬಿಸಿಲು ಗೊತ್ತಲ್ವಾ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಬೆವರು ಸುರಿಸಿ, ಮೈಯಲ್ಲಿ ನೀರು ಕಡಿಮೆ ಇರುವಾಗ ಡೈಕ್ಲೊಫೆನಾಕ್ ಥರದ ಮಾತ್ರೆ ನುಂಗಿದರೆ ಕಿಡ್ನಿಗೆ ರಕ್ತ ಹೋಗುವುದೇ ಕಡಿಮೆಯಾಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಹೊಟ್ಟೆ ಉರಿ ಬಂದಿದ್ದಕ್ಕೆ ಅದನ್ನು ಬಿಟ್ಟೆ. ಕಿಡ್ನಿ ಉಳಿದದ್ದು ಪುಣ್ಯ.

ಆಗಸ್ಟ್‌ನಲ್ಲಿ ಪರಿಚಯದವರೊಬ್ಬರು ಹೇಳಿದರು: "ಅಣ್ಣಾ, ಒಬ್ರು ಬರ್ತಾರೆ, ಹದಿನೈದು ದಿನಕ್ಕೊಂದ್ಸಲ ಲಾಡ್ಜಿನಾಗೆ ಕುಂತು ಔಷಧಿ ಕೊಡ್ತಾರೆ. ನಮ್ಮವ್ವ ಗೋಡೆ ಹಿಡ್ಕಂಡು ನಡೀತಿದ್ಲು, ಈಗ ಸಂತೆಗೆ ಒಬ್ಳೇ ಹೋಗ್ತಾಳೆ." ಹೋದೆ. ಮೆಟ್ಟಿಲ ಮೇಲೆಲ್ಲಾ ಜನ. ಹೆಚ್ಚಿನವರು ಹೊಲದಲ್ಲಿ ದುಡಿದು ಮೊಣಕಾಲು ಸವೆದ ಹೆಣ್ಣುಮಕ್ಕಳು. ಆತ ನನ್ನ ಮೊಣಕಾಲು ಮುಟ್ಟಿಯೂ ನೋಡಲಿಲ್ಲ. "ವಾಯು" ಅಂದ. ಹದಿನೈದು ದಿನಕ್ಕೆ 30 ಪೊಟ್ಟಣ, 1,500 ರೂಪಾಯಿ. ಬಿಲ್ ಇಲ್ಲ.

ಆ ಪೊಟ್ಟಣ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಮಡಿಸಿದ್ದು, ಒಂದರ ಮೇಲೆ ಏಕಾದಶಿ ಅಂತ, ಇನ್ನೊಂದರ ಮೇಲೆ ಅರ್ಧ ಚಂದ್ರನ ಗುರುತು. ಬಿಚ್ಚಿದರೆ ಕಂದು ಪುಡಿ, ಶುಂಠಿ ವಾಸನೆ. ಆದರೆ ಕಿಟಕಿ ಬೆಳಕಿಗೆ ಹಿಡಿದರೆ ಕಂದು ಪುಡಿಯ ನಡುವೆ ಸಣ್ಣ ಸಣ್ಣ ಬಿಳಿ ಕಾಳು ಕಾಣುತ್ತಿದ್ದವು, ಮಾತ್ರೆ ಅರೆದಾಗ ಪೂರ್ತಿ ನುಣ್ಣಗಾಗದೆ ಉಳಿಯುತ್ತಲ್ಲ, ಹಾಗೆ. ನೋಡಿದೆ. ಸೈಂಧವ ಲವಣ ಇರಬೇಕು ಅಂದುಕೊಂಡು ಬಿಸಿ ನೀರಲ್ಲಿ ಕುಡಿದೆ.

ಮೂರನೇ ದಿನಕ್ಕೆ ನೋವು ಮಾಯ. ಕಡಿಮೆ ಆದದ್ದಲ್ಲ, ಇರಲೇ ಇಲ್ಲ ಅನ್ನುವ ಹಾಗೆ. ಎರಡನೇ ವಾರ ಸಂಡೂರು ಬೆಟ್ಟ ಹತ್ತಿದೆ. ಹಸಿವು ವಿಪರೀತ, ರಾತ್ರಿ ಹನ್ನೊಂದಕ್ಕೂ ರೊಟ್ಟಿ ಹುಡುಕುತ್ತಿದ್ದೆ. ನಿದ್ದೆ ಕಡಿಮೆ, ಆದರೆ ಮೈಯಲ್ಲಿ ಏನೋ ಹುರುಪು. ನವೆಂಬರ್ ಹೊತ್ತಿಗೆ ಮುಖ ದುಂಡಗಾಯಿತು. ಕನ್ನಡಕದ ಕಡ್ಡಿ ಕೆನ್ನೆಗೆ ಒತ್ತಿ ಗೀರು ಬೀಳುತ್ತಿತ್ತು. "ಮುಖ ಯಾಕ್ರೀ ಹಿಂಗೆ ಊದ್ಕಂಡೈತೆ?" ಅಂತ ನನ್ನ ಹೆಂಡತಿ ಎರಡು ಮೂರು ಸಲ ಕೇಳಿದಳು. ಮೈ ಹಿಡಿದಿದೆ ಅಂದೆ. ಅವಳ ಮಾತು ಆಗಲೇ ಕೇಳಬೇಕಿತ್ತು.

ಜನವರಿಯಲ್ಲಿ ಸ್ಕೀ ಮಾಡಲು ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟೆ. ನಾಲ್ಕೂವರೆ ತಿಂಗಳು ಪುಡಿ ತಿಂದಿದ್ದೆ, ನೋವಂತೂ ಇಲ್ಲ, ಇನ್ನೇಕೆ ಅಂತ ಪೊಟ್ಟಣಗಳನ್ನು ಮನೆಯಲ್ಲೇ ಬಿಟ್ಟೆ. ಮೊದಲ ಎರಡು ದಿನ ಪರವಾಗಿಲ್ಲ. ಮೂರನೇ ದಿನ ಸ್ಕೀ ಬೂಟು ಎತ್ತಿಡಲೂ ಆಗದಷ್ಟು ಸುಸ್ತು. ಸ್ಕೀ ಮಾಡುವಾಗ ವೇಗ ತಡೆಯಲು ಎರಡೂ ಹಲಗೆಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ, ಮೊಣಕಾಲು ಮಡಿಸಿ ಇಳಿಯಬೇಕು. ಇಡೀ ಭಾರ ತೊಡೆ ಮೇಲೆ, ಚಿಪ್ಪಿನ ಮೇಲೆ. ಆ ದಿನ ತೊಡೆ ಹಿಡಿತಕ್ಕೇ ಬರಲಿಲ್ಲ, ಬಿದ್ದೆ. ಬಿದ್ದಾಗ ಬೂಟು ಹಲಗೆಯಿಂದ ಬಿಟ್ಟುಕೊಳ್ಳಬೇಕು, ಅದಕ್ಕಂತಲೇ ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಒಂದು ಅಳತೆ ಇರುತ್ತದೆ. ಅದನ್ನು ನಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಎಷ್ಟು ಕಲಿತಿದ್ದೇವೆ ಅನ್ನುವುದೆಲ್ಲ ನೋಡಿ ಕೂರಿಸಬೇಕು. ಬಾಡಿಗೆಗೆ ಕೊಟ್ಟವನು ಒಂದನ್ನೂ ಕೇಳಿರಲಿಲ್ಲ. ನಾನೂ ಹೇಳಲಿಲ್ಲ. ಬಿಟ್ಟುಕೊಳ್ಳದೆ ಮೊಣಕಾಲು ತಿರುಚಿತು.

ಆದರೆ ನನ್ನನ್ನು ಮಲಗಿಸಿದ್ದು ಮೊಣಕಾಲಲ್ಲ. ರಾತ್ರಿಯಿಡೀ ವಾಂತಿ, ಎದ್ದು ಕೂತರೆ ಕಣ್ಣು ಕತ್ತಲೆ. ಶ್ರೀನಗರದ ಆಸ್ಪತ್ರೆಗೆ ಇಳಿಸಿದರು. ಬಿಪಿ ಪಾತಾಳಕ್ಕೆ ಹೋಗಿತ್ತು. ಡಾಕ್ಟರ್ ಕೇಳಿದರು, ಏನಾದರೂ ಔಷಧಿ ತಗೊಳ್ತೀರಾ? ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತ ಅಲ್ಲ. ಪುಡಿಯನ್ನು ಔಷಧಿ ಅಂತ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಅದು ಮನೆಮದ್ದು ಅಂತಲೇ ತಲೆಯಲ್ಲಿತ್ತು. ಇಲ್ಲಿ ದಯವಿಟ್ಟು ಒಂದು ಕ್ಷಣ ನಿಂತು ಯೋಚಿಸಿ, ನಿಮ್ಮ ಮನೆಯ ಹಿರಿಯರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಗೊಂಡೋಲಾ ಅನ್ನುವ ರೋಪ್‌ವೇಯಲ್ಲಿ ಇನ್ನೂ ಮೇಲೆ ಹೋಗಿದ್ದೆ. ಹಾಗಾಗಿ ಎತ್ತರದಿಂದ ಬಂದ ಕಾಯಿಲೆ ಅಂದುಕೊಂಡು ಡ್ರಿಪ್ ಜೊತೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟರು. ಕೆಲವೇ ಗಂಟೆಯಲ್ಲಿ ಎದ್ದು ಕೂತೆ. ಊರಿಗೆ ಬಂದೆ. ಹತ್ತು ದಿನಕ್ಕೆ ಮತ್ತೆ ಅದೇ ವಾಂತಿ, ಅದೇ ಕಣ್ಣು ಕತ್ತಲೆ. ಬಳ್ಳಾರಿಯಲ್ಲಿ ಎಲ್ಲಿಯ ಬೆಟ್ಟ, ಎಲ್ಲಿಯ ಎತ್ತರ?

ಇಲ್ಲಿನ ಡಾಕ್ಟರ್ ಶ್ರೀನಗರದ ಚೀಟಿ ನೋಡಿದರು, ನನ್ನ ಮುಖ ನೋಡಿದರು, ಅಂಗಿ ಎತ್ತಿಸಿ ಹೊಟ್ಟೆ ಮೇಲಿನ ಕೆಂಪು ಗೆರೆಗಳನ್ನು ನೋಡಿದರು. "ಎಷ್ಟು ತಿಂಗಳಿಂದ ಪುಡಿ ತಿಂತಿದ್ದೀರಿ?" ಅಂದರು. ತಿಂತೀರಾ ಅಂತ ಕೇಳಲಿಲ್ಲ, ಎಷ್ಟು ತಿಂಗಳಿಂದ ಅಂತಲೇ ಕೇಳಿದರು. ನಮ್ಮ ಕಡೆ ಅಷ್ಟು ಜನ ಅವರ ಹತ್ತಿರ ಹೀಗೇ ಬರುತ್ತಾರಂತೆ.

ಅವರು ಬಿಡಿಸಿ ಹೇಳಿದ್ದು ಇದು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸುವುದು ಹಳೇ ಚಾಳಿ. ಸ್ಟೀರಾಯ್ಡ್ ಊತ, ಉರಿ ಎರಡನ್ನೂ ಬೇಗ ಅಡಗಿಸುತ್ತದೆ, ಅದಕ್ಕೇ ಮೂರೇ ದಿನಕ್ಕೆ ಆರಾಮ. ಕಿಡ್ನಿಯ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ನಮ್ಮ ಮೈಗೆ ಬೇಕಾದ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ದಿನಾ ತಯಾರು ಮಾಡುತ್ತದೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಾ ಇದ್ದರೆ ಅದು ತನ್ನ ಕೆಲಸ ನಿಲ್ಲಿಸಿ ಮಲಗುತ್ತದೆ. ಮೂರು ನಾಲ್ಕು ವಾರ ತಿಂದರೂ ಸಾಕು. ಆಮೇಲೆ ಪುಡಿ ತಟ್ಟನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಬಿಪಿ ಬೀಳುತ್ತದೆ, ವಾಂತಿ, ಸುಸ್ತು. ಜ್ವರವೋ ಪೆಟ್ಟೋ ಆಪರೇಷನ್ನೋ ಜೊತೆಗೆ ಬಂದರೆ ಪ್ರಾಣವೇ ಹೋಗಬಹುದು. ಶ್ರೀನಗರದಲ್ಲಿ ಕೊಟ್ಟ ಇಂಜೆಕ್ಷನ್ ಕೂಡ ಸ್ಟೀರಾಯ್ಡೇ ಆಗಿದ್ದರಿಂದ ನಾನು ಬದುಕಿದೆ, ಅದರಿಂದಲೇ ನಿಜವಾದ ಕಾರಣ ಮುಚ್ಚಿಯೂ ಹೋಯಿತು.

ಬೆಳಗ್ಗೆ ಎಂಟಕ್ಕೆ ರಕ್ತ ತೆಗೆದು ಕಾರ್ಟಿಸಾಲ್ ನೋಡಿದರು. ತೀರಾ ಕಡಿಮೆ. ಬರಿಹೊಟ್ಟೆ ಸಕ್ಕರೆ 168, ನಮ್ಮ ಮನೆತನದಲ್ಲೇ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ಮನೆಯಲ್ಲಿ ಬಿಟ್ಟುಹೋದ ಪೊಟ್ಟಣಗಳನ್ನು ಅಷ್ಟರಲ್ಲಿ ಅಮ್ಮ ನೋವಿಗೆ ಅಂತ ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದರು, ಹಾಗಾಗಿ ಲ್ಯಾಬಿಗೆ ಕಳಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಒಂದೆರಡು ಪೊಟ್ಟಣ ಜೋಪಾನವಾಗಿ ಇಟ್ಟುಕೊಳ್ಳಿ. ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಲು ನಾನು ಹೋದಾಗ ಕೈಯಲ್ಲಿ ಬಿಲ್ಲೂ ಇಲ್ಲ, ಪುಡಿಯೂ ಇಲ್ಲ, ಆ ಮನುಷ್ಯ ಲಾಡ್ಜಿಗೆ ಬರುವುದನ್ನೂ ಬಿಟ್ಟಿದ್ದ.

ಏಳು ತಿಂಗಳು ಬೆಳಗ್ಗೆ ಮಧ್ಯಾಹ್ನ ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ತಗೊಂಡೆ, ಡಾಕ್ಟರ್ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಜೇಬಿನಲ್ಲಿ ಯಾವಾಗಲೂ ಒಂದು ಚೀಟಿ ಇರುತ್ತಿತ್ತು, ಇವರಿಗೆ ಸ್ಟೀರಾಯ್ಡ್ ನಿಲ್ಲಿಸಬಾರದು ಅಂತ. ಸಕ್ಕರೆ ಇಳಿಯಿತು, ಮುಖವೂ ಇಳಿಯಿತು. ತುಂಬಾ ದಿನ ಸ್ಟೀರಾಯ್ಡ್ ತಿಂದವರಿಗೆ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗುವುದು ನಿಂತು ಅದು ಸತ್ತುಹೋಗುವುದೂ ಇದೆಯಂತೆ. ನನಗೆ ಆಗಿಲ್ಲ.

ಇನ್ನು ಮೊಣಕಾಲಿನ ವಿಷಯ. ಎಂಆರ್‌ಐಯಲ್ಲಿ ಚಿಪ್ಪಿನ ಹಿಂದಿನ ಮೃದುಮೂಳೆ ಸವೆದಿದ್ದು ಕಂಡಿತು, ಬಿದ್ದಾಗ ಒಳಗೆ ಸ್ವಲ್ಪ ಹರಿದದ್ದೂ ಇತ್ತು. ಆಪರೇಷನ್ ಬೇಡ ಅಂದರು. ಫಿಸಿಯೋ ಮಾಡುವ ಹುಡುಗಿ ಸೈಕಲ್ಲನ್ನೇ ತರಿಸಿ ನೋಡಿದಳು. ಸೀಟು ಮೂರು ಸೆಂಟಿಮೀಟರ್ ಕೆಳಗಿತ್ತು! ಸೀಟು ಕೆಳಗಿದ್ದರೆ ಮೊಣಕಾಲು ಜಾಸ್ತಿ ಮಡಚುತ್ತದೆ, ಪ್ರತಿ ತುಳಿತಕ್ಕೂ ಚಿಪ್ಪು ಒತ್ತುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಮನೆಯಲ್ಲೇ ಗೋಡೆ ಹಿಡಿದು ನೋಡಬಹುದು. ನಾನು ಭಾರದ ಗೇರಿನಲ್ಲಿ ಬಲ ಹಾಕಿ ನಿಧಾನಕ್ಕೆ ತುಳಿಯುತ್ತಿದ್ದೆ. ಹಗುರ ಗೇರು ಹಾಕಿ ನಿಮಿಷಕ್ಕೆ 80 ಸುತ್ತು ಬರುವ ಹಾಗೆ ತುಳಿಯಲು ಹೇಳಿದಳು. ತೊಡೆಗೆ, ಪೃಷ್ಠದ ಪಕ್ಕದ ಸ್ನಾಯುಗಳಿಗೆ ವ್ಯಾಯಾಮ. ಕೆಳಗಿನ ಮೆಟ್ಟಿಲಿಗೆ ನಿಧಾನಕ್ಕೆ ಒಂದೇ ಕಾಲಲ್ಲಿ ಇಳಿಯುವುದು, ಮೊಣಕಾಲು ಒಳಗೆ ವಾಲದ ಹಾಗೆ ಕನ್ನಡಿಯಲ್ಲಿ ನೋಡಿಕೊಳ್ಳುವುದು. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳಿಗೆ ಯೂನಿಟ್ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದೆ. ನೋವು ಪೂರ್ತಿ ಹೋಗಿಲ್ಲ, ದೂರ ಹೋದ ಮರುದಿನ ಗೊತ್ತಾಗುತ್ತದೆ, ಅಂದು ಸುಮ್ನೆ ಮನೆಯಲ್ಲಿರುತ್ತೇನೆ. ಹಿಮಕ್ಕೆ ಮಾತ್ರ ಇನ್ನೂ ವಾಪಸ್ ಹೋಗಿಲ್ಲ.

ಆಯುರ್ವೇದವನ್ನು ನಾನು ಬೈಯುತ್ತಿಲ್ಲ. ಓದಿ ನೋಂದಣಿ ಮಾಡಿಸಿದ ವೈದ್ಯರು ಬೇರೆ, ಲಾಡ್ಜಿನಲ್ಲಿ ಕೂತು ಪೊಟ್ಟಣ ಹಂಚುವವರು ಬೇರೆ. ಕಾನೂನಿನ ಪ್ರಕಾರ ಆಯುರ್ವೇದದ ಡಬ್ಬಿಯ ಮೇಲೂ ತಯಾರಿಸಿದವರ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಏನೇನು ಹಾಕಿದ್ದಾರೆ ಅನ್ನುವುದು ಇರಲೇಬೇಕು. ಅದಿಲ್ಲದ ಯಾವುದನ್ನೂ ಬಾಯಿಗೆ ಹಾಕಬೇಡಿ. ಹಳೇ ನೋವು ಮೂರೇ ದಿನದಲ್ಲಿ ಮಾಯವಾಗಿ, ಹಸಿವು ಹೆಚ್ಚಿ, ಮುಖ ಊದಿದರೆ ಅದನ್ನು ಗುಣ ಅಂದುಕೊಳ್ಳಬೇಡಿ.

ಅಮ್ಮ ಪೊಟ್ಟಣ ಕೊಟ್ಟದ್ದು ನಮ್ಮ ಓಣಿಯ ಕೊನೇ ಮನೆಯ ಅಜ್ಜಿಗೆ ಅಂತ ಮೊನ್ನೆ ಗೊತ್ತಾಯಿತು. ಅವರು ಅದು ಮುಗಿದ ಮೇಲೆ ಬೇರೆ ಊರಿನ ಇನ್ಯಾರಿಂದಲೋ ತರಿಸಿ ಇವತ್ತಿಗೂ ತಿನ್ನುತ್ತಿದ್ದಾರೆ. "ನಿನ್ನ ಪುಣ್ಯ ಕಣಪ್ಪಾ, ಕಾಲು ನೋವೇ ಇಲ್ಲ" ಅಂದರು, ದುಂಡಗಾದ ಮುಖದಲ್ಲಿ ನಗುತ್ತಾ. ತೋಳ ಮೇಲೆಲ್ಲಾ ಚರ್ಮ ತೆಳ್ಳಗಾಗಿ ನೀಲಿ ಕಲೆ. ಇವತ್ತು ಬೆಳಗಿನ ಪೊಟ್ಟಣವನ್ನು ತಪ್ಪಿಸಬೇಡಿ ಅಜ್ಜಿ ಅಂತ ನಾನೇ ಹೇಳಿ ಬಂದಿದ್ದೇನೆ, ಹೇಳುವಾಗ ಗಂಟಲು ಕಟ್ಟಿತು. ಹನ್ನೊಂದಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಉಳಿದ ನಾಲ್ಕು ಪೊಟ್ಟಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಜೇಬಲ್ಲಿಟ್ಟುಕೊಂಡಿದ್ದೇನೆ.