ಟಿಬಿ ವಾರ್ಡಿಗೆ ಯಾವ ಮಾಸ್ಕ್: ಕಿವಿಗೆ ಹಾಕುವುದೋ, ತಲೆಗೆ ಹಾಕುವುದೋ?

ನಮ್ಮ ಟಿಬಿ ವಾರ್ಡಿಗೆ ಸ್ಟೋರಿನಿಂದ ಮೂರು ತರಹದ ಮಾಸ್ಕ್ ಬರುತ್ತವೆ. ಮೂರು ಪದರದ ಸರ್ಜಿಕಲ್ ಮಾಸ್ಕ್, ಕಿವಿಗೆ ಸಿಕ್ಕಿಸುವ ಮಡಚುವ ಎನ್95, ತಲೆಗೆ ಎರಡು ಪಟ್ಟಿ ಎಳೆದು ಹಾಕುವ ಗಟ್ಟಿ ಎನ್95. ಮೂರನ್ನೂ ಡ್ಯೂಟಿಯಲ್ಲಿ ಹಾಕಿ ನೋಡಿದ್ದೇನೆ.

ಸರ್ಜಿಕಲ್ ಮಾಸ್ಕ್ ಹಗುರ, ಉಸಿರಾಟವೂ ಸಲೀಸು. ಆದರೆ ಕೆನ್ನೆಯ ಪಕ್ಕ ಸಂದಿ ಇದ್ದೇ ಇರುತ್ತದೆ. ಟಿಬಿ ಹರಡುವುದು ಗಾಳಿಯಲ್ಲಿ ತೇಲುವ ಸಣ್ಣ ಕಣಗಳಿಂದ, ಅವಕ್ಕೆ ಅಷ್ಟು ಜಾಗ ಸಾಕು. ಇದನ್ನು ಹಾಕಬೇಕಾದವರು ರೋಗಿ, ನಾವಲ್ಲ.

ಪೈಪೋಟಿ ಇರುವುದು ಉಳಿದೆರಡರ ನಡುವೆ. ಅಸಲಿ ಮಾಲಾದರೆ ಎರಡೂ 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ. 95ರಷ್ಟನ್ನು ತಡೆಯುತ್ತವೆ. ಹಾಗಾದ್ರೆ ಯಾವುದಾದರೇನು ಅಂತೀರಾ? ವ್ಯತ್ಯಾಸ ಬರುವುದು ಅಂಚಿನಲ್ಲಿ.

ಕಿವಿಗೆ ಹಾಕುವುದು ಜೇಬಿನಲ್ಲಿ ಹಿಡಿಯುತ್ತದೆ, ಕ್ಷಣದಲ್ಲಿ ಹಾಕಿಕೊಳ್ಳಬಹುದು. ಆದರೆ ಅಂಚಿಗೆ ಎರಡೂ ಕೈ ಇಟ್ಟು ಜೋರಾಗಿ ಉಸಿರು ಬಿಟ್ಟರೆ ನನ್ನ ಕನ್ನಡಕ ಮಂಜಾಗುತ್ತದೆ. ಮೂಗಿನ ತಂತಿ ಒತ್ತಿ ಅಲ್ಲಿ ಸರಿಮಾಡಿದರೆ ಗದ್ದದ ಹತ್ತಿರ ಗಾಳಿ ಸೋರುತ್ತದೆ. ಮಾತ್ರೆ ಕೊಡುತ್ತಾ ನಾಲ್ಕು ಮಾತಾಡಿದರೆ ಮೂಗಿನಿಂದ ಜಾರುತ್ತದೆ. ಬೆವರಿಗೆ ಒದ್ದೆಯಾದರೆ ಉಸಿರೆಳೆದಾಗೆಲ್ಲ ತುಟಿಗೆ ಅಂಟುತ್ತದೆ.

ತಲೆಪಟ್ಟಿಯದು ಹಾಕೋಕೆ ತಲೆನೋವು, ತುರುಬು ಇರುವವರಿಗಂತೂ ಜಾಸ್ತಿ. ಕೆಳಗಿನ ಪಟ್ಟಿ ತುರುಬಿನ ಕೆಳಗೆ ಕತ್ತಿಗೆ ಬರಬೇಕು, ಮೇಲಿನದು ಕಿವಿಯಿಂದ ಮೇಲೆ, ನೆತ್ತಿಯ ಹಿಂದೆ. ಅವಸರದಲ್ಲಿ ಎರಡನ್ನೂ ಕತ್ತಿಗೇ ಬಿಟ್ಟುಕೊಂಡರೆ ಹಾಕಿದ್ದು ಸುಮ್ನೆ. ಶಿಫ್ಟ್ ಮುಗಿದ ಮೇಲೂ ಮೂಗಿನ ಮೇಲೆ ಕೆಂಪು ಗೀರು ಉಳಿಯುತ್ತದೆ. ವಯಸ್ಸಾದ ರೋಗಿಗಳು "ಏನಂದ್ರಿ ಸಿಸ್ಟರ್?" ಅಂತ ಎರಡೆರಡು ಸಲ ಕೇಳುತ್ತಾರೆ. ಆದರೂ ಉಸಿರು ಬಿಟ್ಟು ಪರೀಕ್ಷಿಸಿದರೆ ಎಲ್ಲೂ ಸೋರುವುದಿಲ್ಲ, ಮಾತಾಡಿದರೂ ಕದಲುವುದಿಲ್ಲ. ಕಫದ ಸ್ಯಾಂಪಲ್ ತೆಗೆಸುವಾಗ ಎದುರಿಗಿರುವವರು ಜೋರಾಗಿ ಕೆಮ್ಮುತ್ತಾರೆ, ಆಗ ನನಗೆ ಇದೇ ಬೇಕು. (ಗಡ್ಡ ಬಿಟ್ಟ ಅಣ್ಣಂದಿರೇ, ನಿಮಗೆ ಇವೆರಡರಲ್ಲಿ ಯಾವುದೂ ಸರಿಯಾಗಿ ಕೂರುವುದಿಲ್ಲ.)

ಉಸಿರು ಹೊರಹೋಗಲು ಕವಾಟ (ವಾಲ್ವ್) ಇರುವ ಎನ್95ನಲ್ಲಿ ಸೆಕೆ ಕಡಿಮೆ ನಿಜ. ಆದರೆ ನಾವು ಬಿಟ್ಟ ಉಸಿರು ಸೋಸದೆ ಹೊರಬರುತ್ತದೆ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದೇ ಕಾರಣಕ್ಕೆ, ಜನ ಅದನ್ನು ಬಳಸುವುದು ಬೇಡವೆಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ಅದು ಬೇಡವೇ ಬೇಡ.

ಇಂಡೆಂಟ್ (ಸ್ಟೋರಿಗೆ ಕೊಡುವ ಬೇಡಿಕೆ ಪಟ್ಟಿ) ಬರೆಯುವ ಸಿಸ್ಟರ್‌ಗಳಿಗೆ ಒಂದು ಮಾತು. ಬರೀ "ಎನ್95" ಅಂತ ಬರೆದರೆ ಕಿವಿಗೆ ಹಾಕುವುದೇ ಬಂದುಬಿಡಬಹುದು. "ತಲೆಗೆ ಎರಡು ಪಟ್ಟಿ, ಕವಾಟ ಬೇಡ" ಅಂತ ಪಕ್ಕದಲ್ಲೇ ಬರೆಯಿರಿ.