ಹಾವಿನ ಪೆಟ್ಟಿಗೆಗೆ ಇಂಕ್‌ಬರ್ಡ್ ಐಟಿಸಿ-308 ಥರ್ಮೋಸ್ಟಾಟ್: ಒಂದು ಮಿಷಿಗನ್ ಚಳಿಗಾಲದ ನಂತರ

ಮಗಳ ಹುಟ್ಟುಹಬ್ಬಕ್ಕೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಮನೆಗೆ ಒಂದು ಕಾರ್ನ್ ಸ್ನೇಕ್ ಮರಿಯನ್ನು ತಂದೆವು. ಅಮೆರಿಕದ ಆಗ್ನೇಯ ರಾಜ್ಯಗಳ ಈ ವಿಷವಿಲ್ಲದ ಹಾವು ನಮ್ಮೂರಿನ ಕೆರೆಹಾವಿನ ಕುಟುಂಬಕ್ಕೇ ಸೇರಿದ್ದು. ಸಾಕಣೆಯಲ್ಲಿಯೇ ಹುಟ್ಟಿದ ಮರಿಗಳು ಇಲ್ಲಿ ಸುಲಭವಾಗಿ ಸಿಗುತ್ತವೆ ಮತ್ತು ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬದುಕುತ್ತವೆ. (ಊರಿನಲ್ಲಿದ್ದುಕೊಂಡು ಇದನ್ನು ಓದುತ್ತಿರುವವರು ಕೆರೆಹಾವನ್ನೋ ನಾಗರವನ್ನೋ ಹಿಡಿದು ಸಾಕುವ ಯೋಚನೆ ಮಾಡಬಾರದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.) ಮೊದಲ ತಿಂಗಳಿನಲ್ಲಿ ನಾನು ಹೆದರದ ಕಾಯಿಲೆಯೇ ಇರಲಿಲ್ಲ. ಆದರೆ ಆ ಹೆದರಿಕೆಗಳಲ್ಲಿ ಬಹುಪಾಲು ಸುತ್ತಿ ಬಳಸಿ ಪೆಟ್ಟಿಗೆಯ ಶಾಖಕ್ಕೇ ಬಂದು ನಿಲ್ಲುತ್ತಿದ್ದವು. ಆದ್ದರಿಂದಲೇ ಶಾಖವನ್ನು ಬೇಕಾದ ಮಟ್ಟದಲ್ಲಿ ಹಿಡಿದಿಡುವ, ಸುಮಾರು 35 ಡಾಲರಿನ ಈ ಸಣ್ಣ ಉಪಕರಣದ ಬಗ್ಗೆ ಇಷ್ಟು ಬರೆಯುತ್ತಿದ್ದೇನೆ.

ಹಾವಿನ ಜೊತೆಗೆ ಗಾಜಿನ ಪೆಟ್ಟಿಗೆಯನ್ನೂ ಅದರ ತಳಕ್ಕೆ ಅಂಟಿಸುವ 16 ವ್ಯಾಟಿನ ಹೀಟ್ ಮ್ಯಾಟನ್ನೂ ಮಾರಿದ ಅಂಗಡಿಯವರು, ಇಷ್ಟು ಚಿಕ್ಕ ಮ್ಯಾಟಿಗೆ ಥರ್ಮೋಸ್ಟಾಟ್ ಬೇಕಿಲ್ಲವೆಂದು ಹೇಳಿದ್ದರು. ಮರಿ ನಾಲ್ಕು ದಿನ ತಂಪು ಬದಿಯ ನೀರಿನ ಬಟ್ಟಲನ್ನು ಬಿಟ್ಟು ಅಲುಗಲಿಲ್ಲ. ಅನುಮಾನ ಬಂದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದಾಗ, ಮ್ಯಾಟಿನ ಮೇಲಿನ ಗಾಜು 46 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಗಾಜಿಗೆ ಅಂಟಿಸಿದ್ದ ಮುಳ್ಳಿನ ಥರ್ಮಾಮೀಟರ್ ಮಾತ್ರ ಗಾಳಿಯ ಬಿಸಿಯನ್ನಷ್ಟೇ ಅಳೆಯುತ್ತ 27ರಲ್ಲಿ ನಿಶ್ಚಿಂತೆಯಿಂದ ನಿಂತಿತ್ತು. ಗಾಬರಿಯಿಂದ ಮ್ಯಾಟನ್ನು ಆರಿಸಿದೆ. ಹಿಂದಿನ ದಿನವಷ್ಟೇ ಇಲಿಮರಿಯನ್ನು ನುಂಗಿದ್ದ ಹಾವು, ಆ ರಾತ್ರಿ ಕೋಣೆ 18 ಡಿಗ್ರಿಗೆ ಇಳಿದಿದ್ದರಿಂದ ಅರಗಿಸಿಕೊಳ್ಳಲಾಗದೆ ಅದನ್ನು ಕಕ್ಕಿಬಿಟ್ಟಿತು. ಹೀಗೆ ಒಂದೇ ವಾರದಲ್ಲಿ ಅತಿಶಾಖ ಮತ್ತು ಅತಿಚಳಿ ಎರಡೂ ತಪ್ಪುಗಳನ್ನು ಮಾಡಿ ಮುಗಿಸಿದ್ದೆ.

ಸರೀಸೃಪಗಳನ್ನು ನೋಡುವ ಪಶುವೈದ್ಯರು ಎಲ್ಲ ಊರಿನಲ್ಲಿಯೂ ಇರುವುದಿಲ್ಲ. ಎಆರ್‌ಎವಿ ಎಂಬ ಸರೀಸೃಪ ಮತ್ತು ಉಭಯಚರ ವೈದ್ಯರ ಸಂಘದ ಪಟ್ಟಿಯಲ್ಲಿ ಹುಡುಕಿ, ಮುಕ್ಕಾಲು ಗಂಟೆ ದೂರದಲ್ಲಿದ್ದ ಒಬ್ಬರಲ್ಲಿಗೆ ಹೋದೆವು. ಅವರು ಬಾಯಿಯೊಳಗೆ ಲೋಳೆ ಇದೆಯೇ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದಿದೆಯೇ, ಹೊಟ್ಟೆಯ ಹುರುಪೆಗಳ ಬಣ್ಣ ಕೆಟ್ಟಿದೆಯೇ, ಕಣ್ಣಿನ ಸುತ್ತ ಉಣ್ಣಿಯಂಥ ಕರಿಯ ಹುಳುಗಳಿವೆಯೇ ಎಂದು ಒಂದೊಂದಾಗಿ ನೋಡಿದರು. ಹಾವಿನ ಮೈಯಲ್ಲಿ ಸ್ವಂತ ಕಾವು ಹುಟ್ಟದ ಕಾರಣ ಜೀರ್ಣಶಕ್ತಿಯೂ ರೋಗದೊಡನೆ ಹೋರಾಡುವ ಶಕ್ತಿಯೂ ಹೊರಗಿನ ಶಾಖವನ್ನೇ ನಂಬಿರುತ್ತವೆ, ದೀರ್ಘಕಾಲ ತಂಪಿನಲ್ಲಿದ್ದ ಹಾವಿಗೆ ಶ್ವಾಸಕೋಶದ ಸೋಂಕು ಬೇಗ ತಗಲುತ್ತದೆ, ಆದರೆ ತನ್ನ ಹೊಟ್ಟೆ ಸುಡುತ್ತಿದ್ದರೂ ಅದು ಸಕಾಲದಲ್ಲಿ ಎದ್ದು ಹೋಗುತ್ತದೆಂಬ ಭರವಸೆಯಿಲ್ಲ ಎಂದು ವಿವರಿಸಿದರು. ಅದೃಷ್ಟವಶಾತ್ ಸುಟ್ಟಗಾಯ ಇರಲಿಲ್ಲ. ಎರಡು ವಾರ ಆಹಾರ ಕೊಡಬಾರದು, ಆಮೇಲೆ ಮೊದಲಿಗಿಂತ ಚಿಕ್ಕ ಇಲಿಮರಿಯನ್ನು ಕೊಡಬೇಕು, ಅದಕ್ಕೂ ಮೊದಲು ಥರ್ಮೋಸ್ಟಾಟ್ ಕೊಳ್ಳಬೇಕು ಎಂಬುದಷ್ಟೇ ಅವರ ಚಿಕಿತ್ಸೆ.

ಇಂಕ್‌ಬರ್ಡ್ ಐಟಿಸಿ-308 ಹಾವಿಗೆಂದೇ ಮಾಡಿದ ವಸ್ತುವಲ್ಲ. ಮನೆಯಲ್ಲಿ ಬಿಯರ್ ಹುದುಗಿಸುವವರೂ ಸಸಿ ಬೆಳೆಸುವವರೂ ಇದನ್ನು ಬಳಸುತ್ತಾರೆ. ಗೋಡೆಯ ಪ್ಲಗ್ಗಿಗೆ ಇದನ್ನು ಸೇರಿಸಿ, ಇದಕ್ಕೆ ಮ್ಯಾಟನ್ನು ಸೇರಿಸಿ, ತಂತಿಯ ತುದಿಯ ಸಂವೇದಕವನ್ನು ಬೇಕಾದಲ್ಲಿ ಇಟ್ಟರಾಯಿತು, ವೈರಿಂಗ್ ಕೆಲಸವಿಲ್ಲ. ಒಂದು ಸಾಲಿನಲ್ಲಿ ಈಗಿನ ಉಷ್ಣಾಂಶವೂ ಇನ್ನೊಂದರಲ್ಲಿ ನಾವು ಬಯಸಿದ ಉಷ್ಣಾಂಶವೂ ಕಾಣುತ್ತವೆ. ನಾನು 30 ಡಿಗ್ರಿಯನ್ನು ಇಟ್ಟು, ಎಚ್‌ಡಿ ಎಂಬ ಅಂತರವನ್ನು 1 ಡಿಗ್ರಿಗೆ ಇಳಿಸಿದ್ದೇನೆ. ಅಂದರೆ 29ಕ್ಕೆ ಇಳಿದಾಗ ಮ್ಯಾಟ್ ಹೊತ್ತಿಕೊಂಡು 30ಕ್ಕೆ ಆರುತ್ತದೆ. ಆರಿದ ಮೇಲೂ ಮ್ಯಾಟಿನಲ್ಲಿ ಉಳಿದ ಕಾವಿನಿಂದ ಗಾಜು 31ರವರೆಗೆ ಏರುವುದುಂಟು. ಕಾರ್ನ್ ಸ್ನೇಕಿಗೆ ಅದು ಒಪ್ಪುವ ಮಿತಿಯಲ್ಲಿಯೇ ಇದೆ. ಇನ್ನೊಂದು ಬದಿ 22ರಿಂದ 24ರಲ್ಲಿ ಉಳಿಯುತ್ತದೆ, ಹಾವು ತನಗೆ ಬೇಕಾದ ಕಡೆಗೆ ತಾನೇ ಹೋಗುತ್ತದೆ. ಕಾಡಿನ ಬಿಲದಲ್ಲಿದ್ದಿದ್ದರೆ ಮೇಲೆ ಕೆಳಗೆ ಸರಿದು ಮಾಡಿಕೊಳ್ಳುತ್ತಿದ್ದ ಆಯ್ಕೆಯನ್ನು ಇಲ್ಲಿ ಎರಡಡಿ ಉದ್ದದಲ್ಲಿ ನಾವು ಒದಗಿಸಬೇಕಾಗುತ್ತದೆ.

ಈ ಉಪಕರಣದ ಯೋಗ್ಯತೆಯೆಲ್ಲ ಸಂವೇದಕವನ್ನು ಎಲ್ಲಿಟ್ಟಿದ್ದೇವೆ ಎನ್ನುವುದರ ಮೇಲೆ ನಿಂತಿದೆ. ಅದು ಮ್ಯಾಟಿನಿಂದ ಜಾರಿ ನೆಲಕ್ಕೆ ಬಿದ್ದರೆ ಕೋಣೆಯ ಚಳಿಯನ್ನೇ ಪೆಟ್ಟಿಗೆಯ ಚಳಿಯೆಂದು ತಿಳಿದು ಮ್ಯಾಟನ್ನು ಆರಿಸುವುದೇ ಇಲ್ಲ. ಒಳಗೆ ಮರದ ಹೊಟ್ಟಿನ ಮೇಲಿಟ್ಟರೆ ಹಾವೇ ಅದನ್ನು ತಳ್ಳಿ ಸರಿಸುತ್ತದೆ, ಇಲ್ಲವೇ ಒದ್ದೆ ಮಾಡುತ್ತದೆ. ನಾನು ಹೊರಗಡೆಯಿಂದ ಮ್ಯಾಟಿಗೂ ಗಾಜಿಗೂ ನಡುವೆ ಅದನ್ನು ಸಿಕ್ಕಿಸಿ, ಒಳಗಿನ ಗಾಜನ್ನು ಮೂರು ದಿನ ಹೊತ್ತುಹೊತ್ತಿಗೆ ಅಳೆದು ಆ ಅಂಕಿಯನ್ನೂ ಉಪಕರಣದ ಅಂಕಿಯನ್ನೂ ಹೊಂದಿಸಿಕೊಂಡೆ. ಪೆಟ್ಟಿಗೆಯೊಳಗೆ ಅಂಟುಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು. ಅದಕ್ಕೆ ಅಂಟಿಕೊಂಡ ಹಾವನ್ನು ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ. ಹಾಗೆಯೇ ಪೆಟ್ಟಿಗೆಯ ಕೆಳಗೆ ರಬ್ಬರಿನ ಕಾಲುಗಳನ್ನು ಅಂಟಿಸಿ ಗಾಳಿಯಾಡಲು ಜಾಗ ಬಿಡದಿದ್ದರೆ ಮ್ಯಾಟಿನ ಶಾಖ ಮೇಜಿಗೂ ಗಾಜಿಗೂ ನಡುವೆ ಕೂಡಿಕೊಳ್ಳುತ್ತದೆ.

ನನಗೆ ಇಷ್ಟವಾಗದ ಅಂಶಗಳೂ ಇವೆ. ಬಿಸಿ ಮಾಡುವ ಮತ್ತು ತಂಪು ಮಾಡುವ ಎರಡು ಸಾಕೆಟ್‌ಗಳು ಅಕ್ಕಪಕ್ಕದಲ್ಲಿವೆ. ಮ್ಯಾಟನ್ನು ಮರೆತು ತಂಪಿನ ಸಾಕೆಟ್‌ಗೆ ಹಾಕಿದರೆ ಪೆಟ್ಟಿಗೆ ತಣ್ಣಗಿರುವಾಗ ಮ್ಯಾಟ್ ಹೊತ್ತುವುದೇ ಇಲ್ಲ, ಮಿತಿ ಮೀರಿ ಬಿಸಿಯಾದಾಗ ಮಾತ್ರ ಹೊತ್ತಿ ಕಾಯುತ್ತಲೇ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲವಾದ್ದರಿಂದ, ಆ ಸಾಕೆಟ್‌ನ ಬಾಯಿಗೆ ನಾನು ದಪ್ಪ ಟೇಪ್ ಸುತ್ತಿದ್ದೇನೆ. ಹೆಚ್ಚಿನ ಶಾಖದ ಎಚ್ಚರಿಕೆಯ ಗಂಟೆ ಇದ್ದರೂ ಅದನ್ನು ನಾವೇ ಇಳಿಸಿ ಇಟ್ಟುಕೊಳ್ಳಬೇಕು, ನಾನು 34ಕ್ಕೆ ಇಟ್ಟಿದ್ದೇನೆ. ಹೊತ್ತಿಸಿ ಆರಿಸುವ ಬಗೆಯ ಯಾವುದೇ ಥರ್ಮೋಸ್ಟಾಟಿನ ರಿಲೇ, ಅಂದರೆ ಒಳಗಿನ ಸ್ವಿಚ್ಚು, ಎಂದಾದರೂ ಹೊತ್ತಿದ ಸ್ಥಿತಿಯಲ್ಲಿಯೇ ಕಚ್ಚಿಕೊಳ್ಳಬಹುದು. ಆಗ ಗಂಟೆ ಬಾರಿಸೀತೇ ಹೊರತು ವಿದ್ಯುತ್ತನ್ನು ಕಡಿಯಲಾರದು. ಅದಕ್ಕಾಗಿ ಬೇರೆ ತಯಾರಕರ ಒಂದು ಡಿಜಿಟಲ್ ಥರ್ಮಾಮೀಟರನ್ನೂ ಬಿಸಿ ಬದಿಯಲ್ಲಿ ಇಟ್ಟು, ಬೆಳಿಗ್ಗೆ ಸಂಜೆ ನೋಡುತ್ತೇವೆ. ನೋಡಿದ ಮೇಲೆ ಕೈ ತೊಳೆಯುವುದು ಸರೀಸೃಪಗಳಿಂದ ಮನುಷ್ಯರಿಗೆ ತಗಲಬಹುದಾದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಾರಣದಿಂದ ಮನೆಯ ಕಟ್ಟುನಿಟ್ಟಿನ ನಿಯಮ.

ಜನವರಿಯಲ್ಲಿ ಹೊರಗೆ ಸೊನ್ನೆಗಿಂತ 17 ಡಿಗ್ರಿ ಕೆಳಗಿದ್ದ ವಾರದಲ್ಲಿಯೂ ಬಿಸಿ ಬದಿ 29ಕ್ಕಿಂತ ಇಳಿಯಲಿಲ್ಲ. ಅಲ್ಲಿಂದೀಚೆಗೆ ಮರಿ ಒಮ್ಮೆಯೂ ಕಕ್ಕಿಲ್ಲ. ಫೆಬ್ರುವರಿಯಲ್ಲಿ ಬಿಟ್ಟ ಪೊರೆ ಕಣ್ಣಿನ ಪದರವೂ ಸೇರಿ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಬಂತು, ಆದರೆ ಅದರ ಶ್ರೇಯಸ್ಸು ಥರ್ಮೋಸ್ಟಾಟಿಗಿಂತ ಹೆಚ್ಚಾಗಿ ನಾವು ಇಟ್ಟ ಒದ್ದೆ ಪಾಚಿಯ ಡಬ್ಬಿಗೆ ಸಲ್ಲಬೇಕು. ಹೀಟ್ ಮ್ಯಾಟಿಗೂ ಬೆಳಕು ಕೊಡದ ಸೆರಾಮಿಕ್ ಹೀಟರಿಗೂ ಈ ಉಪಕರಣ ಸಾಕು. ಬಲ್ಬಿಗೆ ಮಾತ್ರ ಸಲ್ಲದು, ಮತ್ತೆ ಮತ್ತೆ ಹೊತ್ತಿ ಆರುವುದರಿಂದ ಬಲ್ಬೂ ಬೇಗ ಹಾಳಾಗುತ್ತದೆ, ಹಾವಿಗೂ ಕಿರಿಕಿರಿ. ಮರಿ ಬೆಳೆದು ನಾಲ್ಕಡಿಯ ಪೆಟ್ಟಿಗೆಗೆ ಹೋದಾಗ ಮೇಲಿನಿಂದ ಬೀಳುವ ಬಲ್ಬಿನ ಶಾಖಕ್ಕೆ ಬದಲಾಯಿಸುವ ಯೋಚನೆಯಿದೆ. ಆಗ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡುವ ಡಿಮ್ಮಿಂಗ್ ಥರ್ಮೋಸ್ಟಾಟನ್ನು, ಬೆಲೆ ಮೂರು ಪಟ್ಟಾದರೂ, ಹಾವನ್ನು ಅಲ್ಲಿಗೆ ಸಾಗಿಸುವ ಒಂದು ವಾರ ಮುಂಚೆಯೇ ತಂದು ಜೋಡಿಸುತ್ತೇನೆ.