ಅನುಪಾತದ ಲೆಕ್ಕ: ಎಕ್ಸ್ ಹಿಡಿಯಬೇಕಾ, ಪಾಲು ಹಾಕಬೇಕಾ?

ತಂಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಜೊತೆ ಕೂತು ಅನುಪಾತದ ಲೆಕ್ಕಗಳನ್ನು ಮೂರು ದಾರಿಯಲ್ಲಿ ಬಿಡಿಸಿ ನೋಡಿದೆ: ಎಕ್ಸ್ ಹಿಡಿಯುವುದು, ಪಾಲು ಹಾಕುವುದು, ಒಂದು ಸಂಖ್ಯೆ ಊಹಿಸಿ ಆಮೇಲೆ ಸರಿಪಡಿಸುವುದು. ನನ್ನ ಒಲವು ಪಾಲಿನ ಕಡೆಗೆ. ಯಾಕೆ ಅಂತ ಒಂದು ಲೆಕ್ಕ ಹಿಡಿದೇ ಹೇಳುತ್ತೇನೆ.

ತಾಯಿ, ಮಗನ ವಯಸ್ಸು ಈಗ 7:2. ಹತ್ತು ವರ್ಷ ಕಳೆದರೆ 9:4. ಈಗ ಯಾರಿಗೆಷ್ಟು ವಯಸ್ಸು?

ಎಕ್ಸ್ ದಾರಿಯಲ್ಲಿ 7ಎಕ್ಸ್, 2ಎಕ್ಸ್ ಬರೆದು, ಎರಡಕ್ಕೂ 10 ಕೂಡಿಸಿ, ಅಡ್ಡ ಗುಣಾಕಾರ ಮಾಡಬೇಕು. 28ಎಕ್ಸ್ + 40 = 18ಎಕ್ಸ್ + 90. ಎಕ್ಸ್ 5 ಬರುತ್ತದೆ. ತಾಯಿಗೆ 35, ಮಗನಿಗೆ 10. ಉತ್ತರವೇನೋ ಸಿಕ್ಕಿತು. ಆದರೆ ಲೆಕ್ಕದೊಳಗೆ ಏನಾಯಿತು ಅನ್ನುವುದು ಕಾಣಲಿಲ್ಲ.

ಈಗ ಪಾಲು ಹಾಕಿ. ಎಷ್ಟು ವರ್ಷ ಕಳೆದರೂ ಇಬ್ಬರ ವಯಸ್ಸಿನ ಅಂತರ ಬದಲಾಗುವುದಿಲ್ಲ, ಅಲ್ವಾ? 7ರಲ್ಲಿ 2 ಹೋದರೆ 5, 9ರಲ್ಲಿ 4 ಹೋದರೂ 5. ಅಂದರೆ ಎರಡೂ ಕಡೆ ಒಂದು ಪಾಲಿನ ಅಳತೆ ಒಂದೇ. ತಾಯಿಯ 7 ಪಾಲು 9 ಆಗಿದೆ. ಆ 2 ಪಾಲೇ 10 ವರ್ಷ, ಒಂದು ಪಾಲು 5. ಪೆನ್ನು ಮುಟ್ಟುವುದೇ ಬೇಡ! ಅಂತರ ಹೊಂದದಿದ್ದರೆ ಹೊಂದಿಸಿಕೊಂಡರಾಯಿತು. 3:1 ಇದ್ದದ್ದು ಹತ್ತು ವರ್ಷಕ್ಕೆ 2:1 ಆದರೆ, ಎರಡನೆಯದನ್ನು 4:2 ಮಾಡಿಕೊಳ್ಳಿ. ಒಂದು ಪಾಲು 10 ವರ್ಷ, ವಯಸ್ಸು 30 ಮತ್ತು 10.

ಹಾಲು ನೀರಿನ ಲೆಕ್ಕದಲ್ಲೂ ಇದೇ ಪ್ರಶ್ನೆ: ಬದಲಾಗದ್ದು ಯಾವುದು? 40 ಲೀಟರಿನಲ್ಲಿ ಹಾಲು, ನೀರು 7:1. ಎಷ್ಟು ನೀರು ಬೆರೆಸಿದರೆ 5:3 ಆಗುತ್ತದೆ? ಹಾಲು 35 ಲೀಟರ್ ಹಾಗೇ ಉಳಿಯುತ್ತದೆ. ಅದೀಗ 5 ಪಾಲು, ಪಾಲಿಗೆ 7 ಲೀಟರ್. ನೀರು 21 ಆಗಬೇಕು, ಈಗಾಗಲೇ 5 ಇದೆ. ಇನ್ನೂ 16 ಬೇಕು.

ಊಹಿಸುವ ದಾರಿ ಹಳೆಯದು. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಇದನ್ನು ಇಷ್ಟಕರ್ಮ ಅನ್ನುತ್ತಾರೆ. ಅಲ್ಲಿನ ದುಂಬಿಗಳ ಲೆಕ್ಕ ನನಗೆ ತುಂಬಾ ಇಷ್ಟ. ಐದನೇ ಒಂದು ಭಾಗ ಒಂದು ಹೂವಿಗೆ, ಮೂರನೇ ಒಂದು ಭಾಗ ಇನ್ನೊಂದಕ್ಕೆ, ಇವೆರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದಕ್ಕೆ ಹೋದವು. ಉಳಿದದ್ದು ಒಂದೇ ದುಂಬಿ. ಸುಮ್ನೆ 30 ಅಂತ ಹಿಡಿಯಿರಿ. 6, 10, 12 ಹೋಗಿ 2 ಉಳಿಯುತ್ತವೆ. ಉಳಿಯಬೇಕಾದದ್ದು 1, ಹಾಗಾಗಿ ಒಟ್ಟು 15. ಇಲ್ಲಿ ಎಲ್ಲವೂ ಒಟ್ಟು ಸಂಖ್ಯೆಯ ಭಾಗಗಳೇ ಆಗಿರುವುದರಿಂದ ಇದು ನಡೆಯುತ್ತದೆ. ವಯಸ್ಸಿನ ಲೆಕ್ಕದಂತೆ ನಡುವೆ 10 ಕೂಡಿಸಿದರೆ ಹೀಗೆ ಅರ್ಧ ಮಾಡಿ ಮುಗಿಸಲು ಆಗುವುದಿಲ್ಲ.

ಎಕ್ಸ್ ಬೇಕೇಬೇಕು ಅನ್ನಿಸುವ ಜಾಗವೂ ಇದೆ. ಇಬ್ಬರ ಆದಾಯ 5:3, ಖರ್ಚು 3:2, ಉಳಿತಾಯ 22,000 ಮತ್ತು 12,000. ಇಲ್ಲಿ ಆದಾಯದ ಪಾಲೇ ಬೇರೆ, ಖರ್ಚಿನ ಪಾಲೇ ಬೇರೆ. ಹಿಡಿದುಕೊಳ್ಳಲು ಬದಲಾಗದ್ದು ಏನೂ ಇಲ್ಲ. 5ಎಕ್ಸ್ − 3ವೈ, 3ಎಕ್ಸ್ − 2ವೈ ಅಂತ ಎರಡು ಸಮೀಕರಣ ಬರೆಯುವುದೇ ವಾಸಿ. ಎಕ್ಸ್ 8,000, ವೈ 6,000. ಆದಾಯ 40,000 ಮತ್ತು 24,000.

ನಾಲ್ಕು ಆಯ್ಕೆ ಕೊಟ್ಟಿದ್ದರೆ ಮೊದಲು ಅವುಗಳನ್ನೇ ನೋಡಿ. ತಾಯಿಯ ವಯಸ್ಸಿಗೆ 32, 35, 36, 40 ಕೊಟ್ಟಿದ್ದಾರೆ ಅನ್ನಿ. ವಯಸ್ಸು ಪೂರ್ಣ ವರ್ಷಗಳಲ್ಲಿದ್ದು ಅನುಪಾತ 7:2 ಆದಮೇಲೆ ತಾಯಿಯದು 7ರ ಮಗ್ಗಿಯಲ್ಲೇ ಬರಬೇಕು. ನಾಲ್ಕರಲ್ಲಿ ಅಂಥದ್ದು 35 ಒಂದೇ.